ಡಬ್ಬಕ್ಕೆ ದಣಿವು

ಕ್ಯೂಬಾದ ಕಮಗ್ವೇ ಪಟ್ಟಣದ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆಯೊಂದು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ನಡೆಯಿತು: ಊರವರ ಸಮಾರಂಭಗಳ ವಿಡಿಯೊ ತೆಗೆದು ಬದುಕುವ ಓದಾಲ್ಮಿಸ್, ಮನೆಗಿದ್ದ ಒಂದೇ ಫ್ಯಾನನ್ನು ಅತ್ತೆಯ ಕಡೆಯಿಂದ ತಿರುಗಿಸಿ ಕಂಪ್ಯೂಟರಿನ ಕಡೆಗೆ ಇಟ್ಟಳು.

"ಸರಿ," ಎಂದಳು ಅತ್ತೆ ಕಾಂದಿದಾ, ತೂಗುಕುರ್ಚಿಯನ್ನು ನಿಲ್ಲಿಸಿ. "ಎಪ್ಪತ್ತೆಂಟರ ಮುದುಕಿ ಬೆಂದ್ರೆ ಬೇಯ್ಲಿ. ಆ ಡಬ್ಬಕ್ಕೆ ಸೆಕೆ ಆಗ್ಬಾರ್ದು."

"ನೀವು ಕೆಟ್ರೆ ಆಸ್ಪತ್ರೆ ಇದೆ ಅತ್ತೆ. ಇದು ಕೆಟ್ರೆ ಏನಿದೆ?"

ಅದೇ ಬೀದಿಯ ಬೆಲಾರ್ಮಿನೊನ ಮಗಳಿಗೆ ಹದಿನೈದು ತುಂಬಿತ್ತು; ಆ ದೇಶದಲ್ಲಿ ಹೆಣ್ಣುಮಕ್ಕಳಿಗೆ ಅದು ಮದುವೆಯಷ್ಟೇ ದೊಡ್ಡ ಹಬ್ಬ. ಬಾಡಿಗೆಯ ನಾಲ್ಕು ಗೌನು, ಹಳೇ ಕಾರಿನ ಮೆರವಣಿಗೆ, ಅಪ್ಪನ ಜೊತೆ ಕುಣಿತ, ಎಲ್ಲವನ್ನೂ ಓದಾಲ್ಮಿಸ್ ಚಿತ್ರೀಕರಿಸಿದ್ದಳು. ಸ್ಪೇನಿನಲ್ಲಿ ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳುವ ಹುಡುಗಿಯ ತಾಯಿ ಮಾತ್ರ ಇದ್ಯಾವುದನ್ನೂ ಕಂಡಿರಲಿಲ್ಲ. ಬೆಲಾರ್ಮಿನೊನ ತಂಗಿ ಅಂದೇ ಅಲ್ಲಿಗೆ ಹೊರಟಿದ್ದಳು. ನಾಲ್ಕೂವರೆಗೆ ಮನೆ ಬಿಡುವವಳು. ಅಷ್ಟರೊಳಗೆ ಆ ರಾಶಿ ವಿಡಿಯೊವನ್ನು ಹಿಂಡಿ ಒಂದು ಪೆನ್‌ಡ್ರೈವಿನಲ್ಲಿ ಹಿಡಿಸಬೇಕು. ಆರೂವರೆ ಗಂಟೆ ಬೇಕು ಎಂದಿತು ಕಂಪ್ಯೂಟರು. ನಾಲ್ಕಕ್ಕೆ ಆ ಬೀದಿಯ ಕರೆಂಟು ಹೋಗುವ ಸರದಿ. ಅರ್ಧ ಗಂಟೆ ಕೈಯಲ್ಲಿ ಉಳಿಯುತ್ತಿತ್ತು.

ಹಿಂದಿನ ಕಂಪ್ಯೂಟರು ಯಾರದೋ ಮದುವೆಯ ವಿಡಿಯೊ ನಡುವೆ, ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಸತ್ತಿತ್ತು. ಧೂಳು ಎಂದರು ಕೆಲವರು, ಕರೆಂಟಿನ ಏರಿಳಿತ ಎಂದರು ಕೆಲವರು. ತಾನೇ ದುಡಿಸಿ ಕೊಂದೆ ಎಂದು ಓದಾಲ್ಮಿಸ್ ನಂಬಿದ್ದಳು. ಸತ್ತ ಮೂರು ಕಂಪ್ಯೂಟರುಗಳ ಅಂಗಾಂಗ ಸೇರಿಸಿ ಕಟ್ಟಿದ್ದು ಈಗಿನದು. ನಾಲ್ಕನೆಯದಕ್ಕೆ ಊರಿನಲ್ಲಿ ಹೆಣಗಳೂ ಉಳಿದಿರಲಿಲ್ಲ.

ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಎಂಬತ್ತೊಂದಾಯಿತು, ಎಂಬತ್ತನಾಲ್ಕಾಯಿತು. ಎತ್ತಿನ ನೊಗ ಇಳಿಸಿದಂತೆ ಓದಾಲ್ಮಿಸ್ ಕೆಲಸ ತಡೆದು, ಕಾಲು ಗಂಟೆ ಅದರ ಮೈಮೇಲೆ ಅಂಗೈ ಇಟ್ಟು ಕೂತಳು. ಹನ್ನೊಂದಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ. ಒಂದಕ್ಕೆ ಮೂರನೆಯ ಸಲ ತಡೆದು ಕಾಲು ಗಂಟೆ ಕಳೆದಾಗ ಕಾಂದಿದಾ ಬೀಸಣಿಗೆ ಕೆಳಗಿಟ್ಟಳು.

"ಮೂವತ್ತು ವರ್ಷ ಸಕ್ಕರೆ ಕಾರ್ಖಾನೇಲಿ ಇದ್ದೆ ಕಣೇ. ಕಬ್ಬಿನ ಕಾಲದಲ್ಲಿ ನಾಲ್ಕು ತಿಂಗಳು ಹಗಲೂ ರಾತ್ರಿ ಅರೀತಿತ್ತು ಗಾಣ. ಯಾವತ್ತು ಮುರೀತಿತ್ತು ಗೊತ್ತಾ?"

"ಯಾವತ್ತು?"

"ನಿಲ್ಸಿ ಮತ್ತೆ ಶುರು ಮಾಡಿದ ದಿನ. ಮೇಸ್ತ್ರಿ ಬೈಯೋನು, ಓಡೋದನ್ನ ಮುಟ್ಬೇಡ್ರೋ ಅಂತ."

"ಅದು ಕಬ್ಬಿಣ ಅತ್ತೆ."

"ಇದೇನು ಬೆಣ್ಣೆನಾ?"

ಓದಾಲ್ಮಿಸ್ ಕೆಲಸ ಮುಂದುವರಿಸಿದಳು, ಅಂಕಿಯ ಮೇಲೆ ಒಂದು ಬಟ್ಟೆ ಇಳಿಬಿಟ್ಟಳು. ಬಟ್ಟೆಯ ಹಿಂದೆ ಅದು ಎಷ್ಟಾಗಿದೆಯೋ ಎಂಬ ಭಯಕ್ಕೆ ಊಟ ಸೇರಲಿಲ್ಲ. ಫ್ಯಾನಿನ ಸದ್ದು ಸ್ವಲ್ಪ ಬದಲಾದರೂ ಎದ್ದು ನಿಲ್ಲುತ್ತಿದ್ದಳು. ಸುಟ್ಟ ವಾಸನೆ ಬಂದು ಜೀವ ಹಾರಿತು. ಪಕ್ಕದ ಮನೆಯವರು ಕಾಫಿಬೀಜ ಹುರಿಯುತ್ತಿದ್ದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬೆಲಾರ್ಮಿನೊ ಬಂದ. "ಆಯ್ತಾ ಅಕ್ಕಾ?"

"ಇನ್ನು ಇಪ್ಪತ್ತು ನಿಮಿಷ. ಮೂರು ಸಲ ಸುಧಾರಿಸ್ಕೊಳ್ಳೋಕೆ ಬಿಟ್ಟಿದ್ದೆ."

ಎಂದೂ ಹೇಳಿದ ಹೊತ್ತಿಗೆ ಹೋಗದ ಕರೆಂಟು ಅಂದು ನಾಲ್ಕಕ್ಕೆ ಸರಿಯಾಗಿ ಹೋಯಿತು. ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು.

"ಆಗಿರೋ ಅಷ್ಟನ್ನೇ ಕೊಡಕ್ಕಾ."

"ಪೂರ್ತಿ ಆಗ್ದೇ ವಿಡಿಯೊ ತೆರ್ಕೊಳ್ಳಲ್ಲ ಕಣಪ್ಪಾ."

ಅವನು ಖಾಲಿ ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿ ಹೋದ. ಕಾಂದಿದಾ ಬೀಸಣಿಗೆ ಎತ್ತಿಕೊಂಡಳು. ನಾಲ್ಕೂವರೆಗೆ ಅವನ ತಂಗಿ ಸೀಬೆಹಣ್ಣಿನ ಹಲ್ವವನ್ನಷ್ಟೇ ಕಟ್ಟಿಕೊಂಡು ಸ್ಪೇನಿಗೆ ಹೊರಟಳು.

ಕರೆಂಟು ಬಂದ ಮೇಲೆ ಓದಾಲ್ಮಿಸ್ ಗುಂಡಿ ಒತ್ತಿದಳು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ.