ಕುದುರೆ ಕದ್ದ ಕಾವಲುಗಾರ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರಂತೆ ಬೀಗುವುದು ಬೇಡ. ದನಿ ಮಾತ್ರ ದೊಡ್ಡದು. ಆ ದನಿಗಾಗಿಯೇ ಭಾಲ್ಕಿಯ ತಗಡಿನ ಟಾಕೀಸಿನ ಮಾಲೀಕ ಮುನೀರುದ್ದೀನ ಸಾಹೇಬರು ನನಗೆ ಹೇಳಿ ಕಳಿಸಿದ್ದು.

ನಾವು ಮೈಸೂರು ರಾಜ್ಯಕ್ಕೆ ಸೇರಿ ಮೂರು ವಾರ ಆಗಿತ್ತು. ಸಾಯಗಾಂವದ ಕಡೆಯಿಂದ ಗಾಡಿ ಕಟ್ಟಿಕೊಂಡು ಪಿಕ್ಚರಿಗೆ ಬರುವ ರೈತರಿಗೆ ಬಜಾರಿನ ಉರ್ದು ತಿಳಿಯುತ್ತಿತ್ತು, ಪಿಕ್ಚರಿನ ದರ್ಬಾರಿ ಉರ್ದು ತಲೆಯ ಮೇಲಿಂದ ಹಾರಿಹೋಗುತ್ತಿತ್ತು.

"ಕಾಶೀರಾಮ, ನೀ ಪಡದಾದ ಬಾಜೂಕ ನಿಂದ್ರು. ಅವರು ಏನಂತಾರ ಅದನ್ನ ಕನ್ನಡದಾಗ ಹೇಳ್ಕೊಂತ ಹೋಗು. ಈಗ ಕನ್ನಡದ ಹುಕೂಮತ್ ಬಂದದ, ಮಂದಿ ಖುಷಿ ಪಡ್ತಾರ" ಅಂದರು ಸಾಹೇಬರು. ದನಿ ದೂರ ಹೋಗಲೆಂದು ಕೈಗೆ ತಗಡಿನ ಭೋಂಗಾ ಕೊಟ್ಟರು. ನಿಜಾಮನ ಸಾಲಿಯಲ್ಲಿ ಉರ್ದು ಕಲಿತವನು ನಾನು, ಮನೆಮಾತು ಕನ್ನಡ. ಒಪ್ಪಿಕೊಂಡೆ. ಕಥೆ ಏನೆಂದು ಕೇಳುವ ಬುದ್ಧಿ ಬರಲಿಲ್ಲ, ಮೂರ್ಖ.

ಅದು ಹಳೆಯ ಪಿಕ್ಚರು, ಪಡದೆಯ ಮೇಲೆ ಮುಖಗಳಿಗಿಂತ ಗೀರುಗಳೇ ಹೆಚ್ಚು. ಒಬ್ಬ ಸುಲ್ತಾನ, ಅವನಿಗೆ ಹೆದರದ ಒಬ್ಬ ಫಕೀರ. ಕೋಟೆಯ ಕಾವಲುಗಾರನೊಬ್ಬ ಆ ಫಕೀರನನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಅಡಗಿಸಿಡುತ್ತಾನೆ. ಸಿಪಾಯಿಗಳು ಕತ್ತಿ ಹಿಡಿದಾಗ ಜಾಗ ತೋರಿಸಿಬಿಡುತ್ತಾನೆ. ಫಕೀರ ಸಾಯುತ್ತಾನೆ. ಕಾವಲುಗಾರ ಹನ್ನೆರಡು ವರ್ಷ ಫಕೀರನ ಗೋರಿಯ ಮುಂದೆ ದಣಿದವರಿಗೆ ನೀರು ಕೊಡುತ್ತ ಕೊನೆಗೆ ಫಕೀರನ ತಾಯಿಯ ಕಾಲಿಗೆ ಬಿದ್ದು, "ಜಾಗ ತೋರಿಸಿದವ ನಾನೇ" ಅನ್ನುತ್ತಾನೆ. ಆ ಮುದುಕಿ ಅವನನ್ನು ಎಬ್ಬಿಸಿ ತನ್ನ ಕೈಯಾರೆ ನೀರು ಕುಡಿಸುತ್ತಾಳೆ. ಮಂದಿಯೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು.

ಶುಕ್ರವಾರ ಮೊದಲ ಆಟದಲ್ಲಿ ಆ ಮಾತು ಹೇಳುವಾಗ ಪಡದೆಯಿಂದ ಮುಖ ಹೊರಳಿಸಿಕೊಂಡೆ. ಯಾಕೆಂದರೆ ಅದು ನನ್ನದೇ ಕಥೆ. ನೆಲಮಾಳಿಗೆಯ ಬದಲು ಹಗೇವು, ಅಷ್ಟೇ ಫರಕು.

ಎಂಟು ವರ್ಷದ ಹಿಂದೆ, ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಮುಗಿದ ವಾರ. ನಿಜಾಮನ ಪರ ಬಡಿದಾಡಿದ ರಜಾಕಾರರ ಮೇಲಿನ ಸಿಟ್ಟನ್ನು ಸಿಕ್ಕಸಿಕ್ಕ ಮುಸಲ್ಮಾನರ ಮೇಲೆ ತೀರಿಸುವ ಗುಂಪುಗಳು ಔರಾದಿನ ಕಡೆಯ ನಮ್ಮ ಹಳ್ಳಿಗೂ ಬಂದವು. ನನ್ನ ಗೆಳೆಯ ಅಬ್ದುಲ ಸಮದ ಟಾಂಗಾ ಹೊಡೆಯುವವ, ಯಾರ ಗೊಡವೆಗೂ ಹೋದವನಲ್ಲ. ಅವನ ಹೆಂಡತಿ ಫಕ್ರುನ್ನಿಸಾ ಭಾಬಿ, ನಾಲ್ಕು ವರ್ಷದ ಮಗಳು ಕುಬರಾ, ಇಬ್ಬರನ್ನೂ ನನ್ನ ಅವ್ವನ ಹತ್ತಿರ ಒಳಗಿಟ್ಟೆ. ಸಮದನನ್ನು ಹಿತ್ತಲಲ್ಲಿ ನೆಲ ತೋಡಿ ಜೋಳ ತುಂಬುವ ಹಗೇವಿನೊಳಗೆ ಇಳಿಸಿ, ಬಾಯಿಗೆ ಕಲ್ಲು ಸರಿಸಿ, ಉಸಿರಿಗೆ ಸಂದು ಬಿಟ್ಟು, ಮೇಲೆ ಜೋಳದ ಕಣಕಿ ಒಟ್ಟಿದೆ. ಆಗ ನನಗೇ ನನ್ನ ಮೇಲೆ ಹೆಮ್ಮೆ ಅನಿಸಿತ್ತು. ಆಮೇಲೆ ಆರು ಮಂದಿ ಬಂದು ನನ್ನ ಕುತ್ತಿಗೆಗೆ ಕುಡುಗೋಲು ಇಟ್ಟರು. ಹೊಡೆಯಲೂ ಇಲ್ಲ, ಬರೀ ಇಟ್ಟರು. ಅಷ್ಟಕ್ಕೇ ತೋರಿಸಿದೆ.

ಅವರೇ ಹುಡುಕಿ ತೆಗೆದು ಕೊಂದರು ಅಂತ ಭಾಬಿಗೆ ಹೇಳಿದೆ. ಭಾಲ್ಕಿಗೆ ಕರೆತಂದು ಬಾಡಿಗೆಗೆ ಕೋಣೆ ಹಿಡಿದುಕೊಟ್ಟೆ, ಬಟ್ಟೆ ಹೊಲಿಯುವ ಮಿಶನ್ ಕೊಡಿಸಿದೆ. ಕುಬರಾ ನನ್ನನ್ನು ಮಾಮಾ ಅನ್ನುತ್ತಾಳೆ. ಆ ಮನೆ ಬಿಟ್ಟರೆ ನನಗೆ ಈ ಊರಲ್ಲಿ ಯಾರೂ ಇಲ್ಲ. ಸಾವಿಗೆ ಹೆದರಿದ್ದು ಆ ಒಂದು ದಿನ. ಭಾಬಿಗೆ ಗೊತ್ತಾದರೆ ಎಂಬ ಹೆದರಿಕೆ ಎಂಟು ವರ್ಷದಿಂದ ದಿನಾ ಇದೆ.

ಭಾನುವಾರ ಮಧ್ಯಾಹ್ನ ಮೂರರ ಆಟಕ್ಕೆ ಮುಂಚೆ ಕುಬರಾ ಓಡಿ ಬಂದಳು. "ಮಾಮಾ, ಹೆಂಗಸರ ಬಾಜೂಕ ಕಟ್ಟೋ ಪಡದಾ ಅಮ್ಮೀನೇ ಹೊಲದಾಳಲ್ಲ, ಅದಕ್ಕ ಸಾಹೇಬರು ಪಾಸ್ ಕೊಟ್ಟಾರ! ಇಬ್ಬರೂ ಬಂದೀವಿ!"

ಸಾಹೇಬರ ಹತ್ತಿರ ಹೋಗಿ, "ಗಂಟಲಾ ಕಟ್ಟ್ಯದರಿ, ಇವತ್ತ ಬ್ಯಾಡ್ರಿ" ಅಂದೆ.

"ನಿನಗೇನು ಧಾಡಿ ಬಂದದ? ಈಗ ಇಷ್ಟ ದೊಡ್ಡ ದನೀಲೆ ಮಾತಾಡಾಕತ್ತಿದಿ! ನಡಿ, ನಡಿ" ಅಂದು ತಳ್ಳಿದರು.

ಬಾಗಿಲು ಮುಚ್ಚಿ ಕತ್ತಲು ಮಾಡಿದರು. ಹೆಂಗಸರ ಪಡದೆಯ ಹಿಂದೆ ಭಾಬಿ ಎಲ್ಲಿ ಕೂತಿದ್ದಾರೆಂದು ಕಾಣಿಸುತ್ತಿರಲಿಲ್ಲ, ಕಾಣದಿದ್ದುದೇ ಹೆಚ್ಚು ಭಯ. ಸುಲ್ತಾನ ಗರ್ಜಿಸಿದರೆ ಗರ್ಜಿಸಿದೆ, ಫಕೀರ ದುವಾ ಮಾಡಿದರೆ ಮಾಡಿದೆ. ಜಾಗ ತೋರಿಸುವ ದೃಶ್ಯದಲ್ಲಿ ಮಾತಿಲ್ಲ, ಬರೀ ಬೆರಳು. ಅಲ್ಲಿ ಪಾರಾದೆ. ಮುಂದೆ ಆ ಕೊನೆಯ ಮಾತು ಬರುತ್ತಲೇ ಇತ್ತು, ಬರುತ್ತಲೇ ಇತ್ತು, ಬಂದೇಬಿಟ್ಟಿತು. ಕಾವಲುಗಾರ ಮುದುಕಿಯ ಕಾಲು ಹಿಡಿದು, ಜಾಗ ತೋರಿಸಿದವ ನಾನೇ ಎಂದು ಉರ್ದುವಿನಲ್ಲಿ ಅತ್ತ.

ನಾನು ಭೋಂಗಾದಲ್ಲಿ ಕೂಗಿದೆ: "ತಾಯೀ, ನಿನ್ನ ಮಗನ ಕುದುರಿ ಕದ್ದವ ನಾನೇ!"

ಮುಂದಿನ ಸಾಲಿನಿಂದ, ಮೂರನೆಯ ಸಲ ನೋಡಲು ಬಂದಿದ್ದ ಪಂಢರಿ ಒದರಿದ. "ಏ ಕಾಶ್ಯಾ! ಶುಕ್ರವಾರ ಕುದುರಿ ಇರಲಿಲ್ಲಲ್ಲೋ! ಎಲ್ಲಿಂದ ಹೊಡಕೊಂಡು ಬಂದಿ?"

ಇಡೀ ಟಾಕೀಸು ಬಿದ್ದುಬಿದ್ದು ನಕ್ಕಿತು. ಆಗ ನನಗೆ ಹೊಳೆಯಿತು. ಅಯ್ಯೋ ದೇವರೇ, ಉರ್ದು ಭಾಬಿಯ ಮನೆಮಾತು! ನನ್ನ ಕನ್ನಡ ಯಾರಿಗೆ ಬೇಕಿದ್ದರೂ ಅವರಿಗೆ ಬೇಕಿರಲಿಲ್ಲ. ಸುಮ್ಮನೆ ಇದ್ದುದನ್ನು ಇದ್ದ ಹಾಗೆ ಹೇಳಿದ್ದರೆ ಅದು ಪಿಕ್ಚರಿನ ಮಾತಾಗಿ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಬಾಳು.

ಆಟ ಮುಗಿದ ಮೇಲೆ ಹಿಂದಿನ ಬಾಗಿಲಿನಿಂದ ಜಾರಿದೆ. ಭಾಬಿ ಅಲ್ಲೇ ನಿಂತಿದ್ದರು. ಕುಬರಾಗೆ, "ನೀ ಮುಂದ ನಡಿ" ಅಂದರು. ಹುಡುಗಿ ದೂರ ಹೋಗುವ ತನಕ ಕಾದರು.

"ಕಾಶಿ ಭಾಯಿ, ಅವ ಅಂದಿದ್ದು ಒಂದು, ನೀವು ಹೇಳಿದ್ದು ಒಂದು."

"ಗಡಬಡದಾಗ ತಪ್ಪಿತ್ರಿ ಭಾಬಿ."

"ಅಷ್ಟು ದೊಡ್ಡ ಪಿಕ್ಚರ್‌ದಾಗ ಒಂದೂ ಮಾತು ತಪ್ಪಲಿಲ್ಲ. ಅದೊಂದೇ ತಪ್ಪಿತೇನ್ರಿ?" ದನಿ ಏರಿಸಲಿಲ್ಲ. "ಹಗೇವಿನ ಮ್ಯಾಲ ಕಣಕಿ ಇತ್ತು. ಹೊರಗಿನವರಿಗೆ ಅದು ಹ್ಯಾಂಗ ಗೊತ್ತಾಯ್ತು ಅಂತ ಎಂಟು ವರ್ಷ ಆಯ್ತು, ಯೋಚನಿ ಮಾಡ್ಲಾಕತ್ತೀನಿ. ನಿಮ್ಮ ಮ್ಯಾಲ ಮಾತ್ರ ಸಂಶೇ ಬರಲಿಲ್ಲರಿ."

ಓಡಿಬಿಡಬೇಕು ಅನಿಸಿತು. "ನಾನೇ ತೋರಿಸಿದೆರಿ" ಅಂದೆ. ನನ್ನ ದೊಡ್ಡ ದನಿ ಎಲ್ಲಿ ಹೋಗಿತ್ತೋ ಏನೋ, ನನಗೇ ಸರಿಯಾಗಿ ಕೇಳಿಸಲಿಲ್ಲ.

ಉಗುಳುತ್ತಾರೆ ಅಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮುದುಕಿಯ ಹಾಗೆ ನೀರು ಕೊಟ್ಟಾರೇನೋ ಎಂಬ ಆಸೆಯೂ ಒಂದು ಕ್ಷಣ ಬಂತು. ಭಾಬಿ ಎರಡನ್ನೂ ಮಾಡಲಿಲ್ಲ.

"ಹಾಂಗಾರ ಕಲ್ಲು ತಗದಾಗ ನೀವು ಅಲ್ಲೇ ಇದ್ರಿ" ಅಂದರು. "ಯಾರನ್ನ ಕೇಳಿದ್ರೂ ನಾ ಅಲ್ಲಿ ಇರಲಿಲ್ಲ, ನಾ ನೋಡಿಲ್ಲ ಅಂತಾರ. ನಮ್ಮವರು ಕಡೀಗೆ ಏನರೆ ಅಂದ್ರೇನ್ರಿ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲಾನ ಹೆಸರು ತಗೊಂಡ, ಕುಬರಾನ್ನ ನೆನೆದ, ಏನು ಹೇಳಿದರೂ ಭಾಬಿಗೆ ಸಮಾಧಾನವಾಗುತ್ತಿತ್ತು. ಆದರೆ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಅಂದ್ನರಿ... ಒಳಗಿಂದ ನನ್ನ ಮಾರಿ ನೋಡಿ ನಕ್ಕ. 'ಕಾಶಿ, ನೀ ಬಂದಿಯೇನು? ನಾ ಬ್ಯಾರೆ ಯಾರೋ ಅಂತ ಅಂಜಿದ್ನೆಪ್ಪಾ' ಅಂದ. ಅಂದು ಮ್ಯಾಲ ಹತ್ತಲಾಕ ಕೈ ಚಾಚಿದ."

ಭಾಬಿ ಕಣ್ಣು ಮುಚ್ಚಿದರು.

"ನೀವು ಕೈ ಕೊಟ್ರೇನು?"

"ಕೊಟ್ಟೆರಿ. ನಾನೇ ಮ್ಯಾಲ ಎಳದೆ."

"ಯಾವ ಕೈರಿ?"

ಬಲಗೈ ಮುಂದೆ ಮಾಡಿದೆ. ಭಾಬಿ ಅದನ್ನು ಮುಟ್ಟಲಿಲ್ಲ, ಬಹಳ ಹೊತ್ತು ನೋಡಿದರು. ಆಮೇಲೆ ಮುಖದ ಮೇಲೆ ಬುರ್ಖಾ ಇಳಿಸಿಕೊಂಡು ಮಗಳು ಹೋದ ದಾರಿಯಲ್ಲಿ ನಡೆದರು. ಅವರು ಕಣ್ಮರೆಯಾದ ಮೇಲೂ ಆ ಕೈಯನ್ನು ಕೆಳಗಿಳಿಸಲು ನನಗೆ ಧೈರ್ಯ ಬರಲಿಲ್ಲ.