ಹಸಿ ಗಾರೆ
ಬಿಳಿ, ಮುದುಕಿಯ ತೋರುಬೆರಳ ತುದಿಯಲ್ಲಿ ಬಿಳಿ, ಚಹಾದ ಗ್ಲಾಸು ಹಿಡಿದ ಅದೇ ಬೆರಳು, ಗೊತ್ತಾಗಿದ್ದರೆ ಒರೆಸಿಕೊಳ್ಳುತ್ತಿರಲಿಲ್ಲವೇ — ಬತೂಲ್ ಪಾತ್ರೆಯನ್ನು ಇನ್ನಷ್ಟು ಮೇಲೆತ್ತಿ ಸುರಿದಳು, ನೊರೆ ಬರಲಿ, ಪುದೀನದ ಘಮ ಏಳಲಿ, ಮುದುಕಿ ಬೆರಳು ಮಾತ್ರ ನೋಡಿಕೊಳ್ಳದಿರಲಿ. ಬೆಳಿಗ್ಗೆ ಮೆತ್ತಿದ ಗಾರೆ ಮಧ್ಯಾಹ್ನಕ್ಕಾದರೂ ಒಣಗಬಾರದೇ, ಆದರೆ ಫೆಸ್‌ನ ಈ ಹಳೇ ಯಹೂದಿ ಕೇರಿಗೆ ಬಿಸಿಲು ಇಳಿಯುವುದೆಲ್ಲಿ, ಇಲ್ಲಿ ಒಗೆದ ಬಟ್ಟೆಯೇ ಎರಡು ದಿನ ತಗೊಳ್ಳುತ್ತದೆ. ಗೈಡು ಮ್ಫದ್ದಲ್ ಎಂಟಕ್ಕೇ ಫೋನು ಮಾಡಿದ್ದ, ಬತೂಲಕ್ಕಾ, ಪ್ಯಾರಿಸ್ಸಿಂದ ಅಜ್ಜಿ ಮೊಮ್ಮಗಳು ಬಂದಿದಾರೆ, ಅಜ್ಜಿಗೆ ಹುಟ್ಟಿದ ಮನೆ ನೋಡ್ಬೇಕಂತೆ, ನಿಮ್ಮ ಸಾಲಲ್ಲೇ ಯಾವುದೋ ಒಂದು, ಬಾಗಿಲ ಬಲಗಂಬದಲ್ಲಿ ಉದ್ದಕ್ಕೆ ಒಂದು ಕುಳಿ ಇತ್ತಂತೆ, ಒಂದೊಂದೇ ಮನೆ ತೋರಿಸ್ಕೊಂಡು ಬರ್ತೀನಿ. ಉಳಿದ ಮನೆಯವರೆಲ್ಲ ಆ ಕುಳಿಯನ್ನು ಎಂದೋ ಮುಚ್ಚಿಬಿಟ್ಟಿದ್ದರು, ಈ ಮನೆಯಲ್ಲಿ ಮಾತ್ರ ಅತ್ತೆ ಯಾಕೂತ್ ಮುಚ್ಚಲು ಬಿಟ್ಟಿರಲಿಲ್ಲ, ರಂಜಾನಿಗೆ ಮುಂಚೆ ಸುಣ್ಣ ಬಳಿಯುವಾಗ ಅದರ ಸುತ್ತ ಕುಂಚ ತಿರುಗಿಸಿ, ಮುಟ್ಟಬೇಡ್ವೇ ಹುಡುಗಿ, ಆ ಯಹೂದಿಗಳು ಬರುವಾಗ ಹೋಗುವಾಗ ಮುಟ್ಟಿ ಬೆರಳಿಗೆ ಮುತ್ತಿಡ್ತಿದ್ದ ಪ್ರಾರ್ಥನೆಯ ಸುರುಳಿ ಇದ್ದ ಜಾಗ, ವಾಪಸ್ ಬಂದಾಗ ಇಡೋಕೆ ಬೇಡ್ವಾ — ವಾಪಸ್ ಬಂದಾಗ! ಬರೋವರೆಗೂ ಇಟ್ಕೊ ಅಂತ ಅತ್ತೆಗೆ ಮನೆಯ ಕೀಲಿ ಕೊಟ್ಟು ಹೋದವರು, ಬರೀ ಬಾಯಿಮಾತು, ಒಂದು ಚೂರು ಕಾಗದವಿಲ್ಲ, ಈಗ ಕೊಡು ಎಂದರೆ ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಗಂಡನನ್ನೂ ಎರಡು ಹೆಣ್ಣುಮಕ್ಕಳನ್ನೂ ಕರಕೊಂಡು ಎಲ್ಲಿಗೆ ಹೋಗುವುದು, ಅತ್ತೆಯ ನಿಯತ್ತು ಅತ್ತೆಯ ಜೊತೆ ಹೋಯಿತು ಎಂದು ಅಂಗೈಯಲ್ಲೇ ಆ ಕುಳಿಗೆ ಗಾರೆ ಮೆತ್ತಿದ್ದಳು.

ಹೊಸ್ತಿಲಲ್ಲೇ ಮಾತಾಡಿಸಿ ಕಳಿಸಬಹುದಿತ್ತಲ್ಲ, ಆದರೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ, ಬನ್ನಿ ಬನ್ನಿ ಎಂದದ್ದು ಬಾಯಿ, ಬತೂಲ್ ಅಲ್ಲ. ಮ್ಫದ್ದಲ್ ಸಿಗರೇಟು ಹಚ್ಚಿಕೊಂಡು ಓಣಿಯಲ್ಲೇ ಉಳಿದ, ಮೊಮ್ಮಗಳು ಫೋನು ಮುಂದೆ ಹಿಡಿದು ಒಳಗೆ ಬಂದಳು, ಮುದುಕಿ ಒಳಗೆ ಬರುವಾಗ ನೋಡದೆಯೇ ಕೈ ಎತ್ತಿ ಕಂಬ ಮುಟ್ಟಿ, ಬೆರಳು ತುಟಿಗೆ ಒಯ್ಯುವಷ್ಟರಲ್ಲಿ ನಿಂತಳು, ಅರೆಕ್ಷಣ, ಆಮೇಲೆ ನಗುತ್ತಾ ಬಂದು ಕೂತಳು — ನಿಂತದ್ದೇಕೆ, ಮಂಡಿನೋವಿಗಿರಬೇಕು, ದೇವರೇ ಮಂಡಿನೋವಿಗೇ ಆಗಿರಲಿ. ಎಷ್ಟು ಚಂದ ಅಲ್ವಾ ಅಜ್ಜಿ ಈ ಸೂರು, ಎನ್ನುತ್ತಾಳೆ ಹುಡುಗಿ, ಎಲ್ಲವನ್ನೂ ಚಂದ ಎನ್ನುತ್ತಾಳೆ, ಸೋರುವ ಮೂಲೆಯನ್ನೂ. ಮುದುಕಿ ಏನನ್ನೂ ನೋಡುತ್ತಿಲ್ಲ, ಎಳ್ಳಿನ ಬಿಸ್ಕತ್ತು ಮುರಿಯುತ್ತಾ ಈ ಕೇರಿಯದೇ ಮಾತಿನಲ್ಲಿ ಕೇಳುತ್ತಾಳೆ, ಮಗಳೇ, ಈ ಮನೇಲಿ ಯಾಕೂತ್ ಅಂತ ಒಬ್ಬಳು ಇದ್ದಳಾ? ಇದ್ದಳು, ನನಗೆ ಹಿಟ್ಟು ನಾದಲು ಕಲಿಸಿದಳು, ನನ್ನ ಎರಡೂ ಬಾಣಂತನ ಮಾಡಿದಳು, ನನ್ನ ತೊಡೆಯ ಮೇಲೇ ಉಸಿರು ಬಿಟ್ಟಳು — ಇಲ್ಲ ತಾಯಿ, ಆ ಹೆಸರಿನವರು ಯಾರೂ ಇಲ್ಲಿ ಇರಲಿಲ್ಲ. ಹೇಳಿಬಿಟ್ಟಳು, ನಾಲಗೆ ತಡವರಿಸಲೂ ಇಲ್ಲ. ಮುದುಕಿ ಗ್ಲಾಸು ಕೆಳಗಿಟ್ಟು ಬೆರಳು ನೋಡಿಕೊಂಡಳು, ಬತೂಲಳನ್ನು ನೋಡಿದಳು, ಹೆದರಬೇಡಮ್ಮ, ಮನೆ ಕೇಳೋಕೆ ಬಂದವಳಲ್ಲ ನಾನು, ಆಕೆ ನನ್ನ ಎತ್ತಿ ಆಡಿಸಿದವಳು, ಗೋರಿ ಎಲ್ಲಿದೆ ಅಂತ ಗೊತ್ತಾಗಿದ್ರೆ ಒಂದು ಗಳಿಗೆ ಪಕ್ಕದಲ್ಲಿ ಕೂತು ಬರ್ತಿದ್ದೆ, ಇರಲಿ ಬಿಡು, ಈ ಮನೆ ಅಲ್ಲ. ಇದೇ ಮನೆ, ಗೋರಿ ಗುಡ್ಡದ ಮೇಲಿದೆ, ನಾನೇ ಕರಕೊಂಡು ಹೋಗುತ್ತೇನೆ, ಹೇಳು, ಈಗ ಹೇಳು — ಚಹಾ ಚೆನ್ನಾಗಿತ್ತು ಮಗಳೇ, ನಿನ್ನ ಮಕ್ಕಳು ಇದೇ ಸೂರಿನಡಿ ಸುಖವಾಗಿರಲಿ, ಎಂದಳು ಮುದುಕಿ, ಬಾಗಿಲು ದಾಟುವಾಗ ಅವಳ ಕೈ ತಾನಾಗಿ ಎದ್ದಿತು, ಕಂಬಕ್ಕೆ ಇನ್ನೇನು ತಗಲಬೇಕು, ಹಿಂದೆ ಸರಿಯಿತು. ಇದೂ ಅಲ್ವಾ ಅಜ್ಜಿ, ಮುಂದಿನ ಮನೆ ನೋಡೋಣ, ಮ್ಫದ್ದಲ್‌ನ ದನಿ, ಇನ್ನೂ ಓಣಿಯ ತಿರುವು ದಾಟಿಲ್ಲ, ಕೂಗಿದರೆ ಕೇಳುತ್ತದೆ, ಕೂಗು, ಒರೆಸಿಕೊಳ್ಳಲಿಲ್ಲ ಅವಳು, ಗೊತ್ತಿದ್ದೂ ಒರೆಸಿಕೊಳ್ಳಲಿಲ್ಲ, ಆ ಬೆರಳು, ಬಿಳಿ, ಆ ಬೆರಳು