ಮೂರನೇ ಸಾಲಿನ ರೀಡು

ದಿಲ್ಶಾದ್ ಸಾಹೇಬರ ಬಾಯಿ ಅಲುಗುತ್ತಿದೆ, ಎಲೆಯಡಿಕೆ ಜಗಿದು ಕೆಂಪಾದ ಬಾಯಿ, ಮೇಲೆ ಕೆಳಗೆ, ಮೇಲೆ ಕೆಳಗೆ, ಅದರಿಂದ ಏನೋ ಬರುತ್ತಿರಬೇಕು, ಬೆಲೆ ಇರಬಹುದು, ಪೆಟ್ಟಿಗೆಯ ಹೊಗಳಿಕೆ ಇರಬಹುದು, ಅಂಗಡಿಯವನು ಇನ್ನೇನು ಹೇಳಿಯಾನು, ತಲೆಯಾಡಿಸು ಮುನಿವೆಂಕಟಯ್ಯ, ಆರು ವರ್ಷದಿಂದ ಆಡಿಸಿಕೊಂಡೇ ಬಂದಿದ್ದೀಯಲ್ಲ, ಇವತ್ತೇನು ಹೊಸದು — ಮುನಿವೆಂಕಟಯ್ಯ ತಲೆಯಾಡಿಸಿದ, ಹಾರ್ಮೋನಿಯಂ ಮೇಷ್ಟ್ರು ಆಡಿಸಬೇಕಾದ ಹಾಗೆ, ನಿಧಾನವಾಗಿ, ತುಟಿ ಸ್ವಲ್ಪ ಮುಂದೆ ಮಾಡಿ, ನಿನ್ನಂಥ ಅಂಗಡಿಯವರನ್ನು ಎಷ್ಟು ನೋಡಿಲ್ಲ ಎಂಬಂತೆ. ಯಶವಂತಪುರದ ಸಂತೆಬೀದಿ ಮುಗಿದು ರೈಲುಗೇಟು ಸಿಕ್ಕುವ ಕಡೆ ಈ ಅಂಗಡಿ, ನೆಲಕ್ಕೆ ಚಾಪೆ, ಚಾಪೆಯ ಮೇಲೆ ಮೂರು ಹಾರ್ಮೋನಿಯಂ ಪೆಟ್ಟಿಗೆ, ಮೊದಲನೆಯದರಲ್ಲಿ ಒಂದೇ ಸಾಲು ರೀಡು, ಭಜನೆಮನೆಗೆ ಸಾಕು, ಅದನ್ನು ಬಿಡು, ಎರಡನೆಯದು ಎರಡು ಸಾಲಿನದು, ಹೊಸದು, ಮೈಯೆಲ್ಲ ಪಾಲಿಶು, ಮುಖ ನೋಡಿಕೊಳ್ಳಬಹುದು, ಮೂರನೆಯದು ಹಳೆಯದು, ದಿವಾಳಿಯೆದ್ದ ಯಾವುದೋ ನಾಟಕದ ಕಂಪನಿಯದು, ಒಂದು ಮೂಲೆ ಮುಕ್ಕಾಗಿದೆ, ಆದರೆ ಮೂರು ಸಾಲು, ಮೂರನೇ ಸಾಲು ಬೇಸ್ ರೀಡು, ಸೀಮೆಯಿಂದ ಹಡಗಿನಲ್ಲಿ ಬಂದ ದಪ್ಪ ಹಿತ್ತಾಳೆ, ತಿದಿ ಒತ್ತಿ ಎಡತುದಿಯ ಸ್ವರದ ಮನೆ ಹಿಡಿದರೆ ತಗ್ಗಿನ ದನಿ ನೆಲದೊಳಗಿಂದ ಎದ್ದು ಬರುತ್ತದೆ, ಬರಬೇಕು. ಅದಕ್ಕೆ ಸಾಹೇಬರು ನಾಲ್ಕು ಬೆರಳು ತೋರಿಸಿದ್ದರು, ನಾನೂರು ರೂಪಾಯಿ. ಊರಿನವರು ಕೊಟ್ಟು ಕಳಿಸಿದ್ದು ಮುನ್ನೂರು. ಪಾಲಿಶಿನದು ಮುನ್ನೂರರೊಳಗೇ ಬರುತ್ತದೆ, ಊರಿಗೂ ಅಂಥದ್ದೇ ಬೇಕು, ಜೊತೆಗೆ ಬಂದಿರುವ ಭಾವಮೈದ ಲಕ್ಕಣ್ಣನಿಗಂತೂ ಅದೇ, ನೋಡು, ಈಗಲೂ ಅದರ ಮೇಲೇ ಕೈಯಿಟ್ಟುಕೊಂಡು ಕೂತಿದ್ದಾನೆ, ಒಸಾದು ತಗಳಿ ಭಾವ, ಕಡೇ ಸಾಲಿನ್ ಜನಕ್ಕೂ ಕೇಳ್ತದೆ, ಈ ಮುಕ್ಕು ಪೆಟ್ಗೆ ಯಾಕೆ — ಬಸ್ಸಿನಿಂದ ಇಳಿದಾಗಿನಿಂದ ಇದನ್ನೇ ಹೇಳುತ್ತಿದ್ದಾನೆ, ತುಟಿಗೆ ಅಭ್ಯಾಸವಾಗಿಬಿಟ್ಟಿದೆ, ಓದುವುದು ಸುಲಭ.

ಕಿವಿಯಿಂದ ಮೊದಲು ಹೋದದ್ದು ಸೀಟಿ. ಚೀನಾದವರ ಯುದ್ಧಕ್ಕೂ ಐದಾರು ವರ್ಷ ಮುಂಚೆ, ಸೋಲದೇವನಹಳ್ಳಿಯಲ್ಲಿ ನಾಟಕ, ಪರದೆ ಏಳುವಾಗ ಊದುವ ಸೀಟಿ ಊದಲೇ ಇಲ್ಲ, ಪರದೆ ಮಾತ್ರ ಎದ್ದಿತು, ಬೈದುಬಿಟ್ಟಿದ್ದ ಇವನು, ಯಾವೋನಯ್ಯಾ ಸೀಟಿ ಮರೆತೋನು ಅಂತ, ಪರದೆಯವನು ಪಿಳಿಪಿಳಿ ಕಣ್ಣು ಬಿಟ್ಟ, ಊದಿದ್ನಲ್ಲಾ ಮೇಷ್ಟ್ರೇ. ಆಮೇಲೆ ಗುಬ್ಬಚ್ಚಿ, ಆಮೇಲೆ ಸೈಕಲ್ಲಿನ ಗಂಟೆ, ಹೆಂಡತಿಯ ಬಳೆ, ಒಂದೊಂದಾಗಿ, ಯಾರೋ ಮನೆಯ ದೀಪಗಳನ್ನೆಲ್ಲ ಆರಿಸಿಕೊಂಡು ಬಂದ ಹಾಗೆ, ಸಣ್ಣ ದನಿಗಳು ಮೊದಲು, ಹೆಂಗಸರ ಮಾತು ಪೂರಾ ಹೋಯಿತು, ಬಾಯಿ ಆಡುತ್ತದೆ, ಏನೂ ಬರುವುದಿಲ್ಲ, ಗಂಡಸರದು ಗೊಗ್ಗರು ಗೊಗ್ಗರಾಗಿ ಉಳಿಯಿತು, ಉಳಿದದ್ದು ತಮಟೆ, ಎತ್ತಿನ ಹೂಂಕಾರ, ಯಲಹಂಕದ ಕಡೆ ಹೋಗುವ ಲಾರಿ, ಗೂಡ್ಸು ರೈಲು ಅಂಗಾಲಿನಲ್ಲಿ. ಪೆಟ್ಟಿಗೆ ನುಡಿಸುವುದೇನೂ ನಿಲ್ಲಲಿಲ್ಲ, ಬೆರಳಿಗೆ ಕಿವಿ ಬೇಕಾಗಿಲ್ಲ, ಮೂವತ್ತು ವರ್ಷದ ಬೆರಳು, ಪಾರ್ಟು ಹೇಳುವವನ ಕುತ್ತಿಗೆಯ ನರ ನೋಡಿಕೊಂಡರೆ ಏರಿದನೋ ಇಳಿದನೋ ಗೊತ್ತಾಗುತ್ತದೆ, ಆದರೆ ಶ್ರುತಿ, ರಾಜಪಾರ್ಟಿನವನು ಅರ್ಧ ಮನೆ ಜಾರಿದ್ದನ್ನು ನರ ಹೇಳುವುದಿಲ್ಲ. ರಾಗಿ ಕುಯ್ಲು ಮುಗಿದ ಮೇಲೆ ಮೂರು ತಿಂಗಳು ತಾಲೀಮು, ಕೊಡಿಗೇಹಳ್ಳಿಯಲ್ಲಿ, ಕೆಂಪಾಪುರದಲ್ಲಿ, ಒಕ್ಕಲಿನವರು ಹೊಲದ ಮಣ್ಣು ತೊಳೆದುಕೊಂಡು ಬಂದು ಇವನ ಮುಂದೆ ಕೂತು ರಾಜರಾಗುತ್ತಾರೆ, ರಾಕ್ಷಸರಾಗುತ್ತಾರೆ, ಮೇಷ್ಟ್ರೇ ಮೇಷ್ಟ್ರೇ ಅನ್ನುತ್ತಾರೆ, ಅವನಿಗೆ ಇರುವುದು ಅದೊಂದೇ, ಹೊಲವಿಲ್ಲ, ಮಕ್ಕಳಿಲ್ಲ. ಕಿವುಡು ಮೇಷ್ಟ್ರನ್ನು ಯಾವ ಊರು ಕರೆಯುತ್ತದೆ? ಅದಕ್ಕೇ ಬೇಸ್ ಬೇಕು, ತಗ್ಗಿನ ದನಿ ಇದ್ದರೆ ಎದೆಗೂಡಿಗೆ ಕೇಳಿಸುತ್ತದೆ, ಇನ್ನು ಐದು ವರ್ಷ ದೂಡಬಹುದು. ಅದಕ್ಕೇ ಊರಿನ ಹಳೇ ಪೆಟ್ಟಿಗೆಯ ತಿದಿಯನ್ನು ಅಡಕತ್ತರಿಯಿಂದ ತಾನೇ ಸೀಳಿದ, ಅಂಚು ಜಗಿದಂತೆ ಕಾಣಲಿ ಎಂದು ಅಲ್ಲಲ್ಲಿ ಕಿತ್ತ, ಇಲಿ ಕಡಿದಿದೆ ಎಂದ. ದೊಡ್ಡಮುನಿಯಪ್ಪನವರು ಊರಿಗೆ ಹಿರಿಯರು, ಬಂದು ಬಗ್ಗಿ ನೋಡಿ, ಇಲಿ ಕಡ್ದ್ರೆ ಏನ್ ಮಾಡಾಕಾಯ್ತದೆ, ಒಸಾದು ತತ್ತೀರಂತೆ ಬಿಡಿ ಮೇಷ್ಟ್ರೇ ಎಂದರು, ದುಡ್ಡನ್ನು ಮಾತ್ರ ಲಕ್ಕಣ್ಣನ ಕೈಗೆ ಕೊಟ್ಟರು. ಯಾರ ಕೈಗಾದರೂ ಕೊಡಬಹುದಿತ್ತು.

ಲಕ್ಕಣ್ಣ ಇವನ ಹೆಂಡತಿ ಮುನಿಯಲ್ಲಮ್ಮನ ತಮ್ಮ. ಮೂರು ವರ್ಷದಿಂದ ಇವನ ಮನೆಯಲ್ಲಿ ನೀರು ಮುಟ್ಟಿಲ್ಲ. ಭಾವ ಎನ್ನುತ್ತಾನೆ, ನೀವು ಎನ್ನುತ್ತಾನೆ, ಅದಕ್ಕೇನೂ ಕಡಿಮೆಯಿಲ್ಲ, ಕಣ್ಣು ಮಾತ್ರ ಇವನ ಹೆಗಲ ಆಚೆ ನೋಡುತ್ತದೆ. ಹಿತ್ತಿಲ ಬಾವಿ, ಮೆಟ್ಟಿಲಿನದು, ಮೂರನೇ ಮೆಟ್ಟಿಲಲ್ಲಿ ಪಾಚಿ, ತೆಗೆಸಬೇಕು ತೆಗೆಸಬೇಕು ಎಂದು ಅವಳು ಹೇಳುತ್ತಲೇ ಇದ್ದಳು, ಅವಳ ಕೈಸನ್ನೆ ಅವನಿಗೆ ಅರ್ಥವಾಗುತ್ತಿತ್ತು, ಅವಳಿಗಾದರೂ ಗೊತ್ತಿತ್ತೆ, ಗಂಡನಿಗೆ ಕೇಳುವುದಿಲ್ಲ ಎಂದು? ಗೊತ್ತಿದ್ದರೆ ಕೂಗುತ್ತಿರಲಿಲ್ಲ. ಕೂಗಿದಳಂತೆ. ಕಾಲು ಜಾರಿ, ಕಲ್ಲಿನ ಅಂಚು ಹಿಡಿದು ಜೋತುಬಿದ್ದು, ಎಷ್ಟೋ ಹೊತ್ತು ಕೂಗಿದಳಂತೆ, ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದ ದ್ರೌಪದಮ್ಮ ಕೇಳಿಸಿಕೊಂಡು ಓಡಿ ಬಂದಳು, ಬರುವಷ್ಟರಲ್ಲಿ ನೀರು ಸುಮ್ಮನಾಗಿತ್ತು. ಇವನು ಜಗಲಿಯಲ್ಲಿದ್ದ, ಬಾವಿಗೆ ಬೆನ್ನು ಮಾಡಿ, ಹತ್ತು ಮಾರು ದೂರ, ಪೆಟ್ಟಿಗೆ ನುಡಿಸುತ್ತ. ಒಲದಾಗಿದ್ದ ನಂಗ್ ಕೇಳುಸ್ತು, ಮೇಷ್ಟ್ರಿಗೆ ಕೇಳುಸ್ಲಿಲ್ವಾ, ಎಸರಿಡ್ಕಂಡ್ ಕೂಗಿದ್ಲಲ್ಲಪ್ಪಾ, ಮುನಿವೆಂಕಟಯ್ಯಾ ಅಂತ ಗಂಡನ್ ಎಸರಿಡ್ಕಂಡು — ಇಪ್ಪತ್ತೆರಡು ವರ್ಷ ಬಾಳಿದವಳು ಒಂದು ದಿನ ಅವನ ಹೆಸರು ಹಿಡಿದವಳಲ್ಲ, ಓಟಿನ ಪಟ್ಟಿ ಬರೆಯುವವರು ಕೇಳಿದರೂ ಪಕ್ಕದವರ ಕೈಲಿ ಹೇಳಿಸಿದವಳು, ಆ ಹೆಸರನ್ನು ಆಡಿದ್ದು ಅದೊಂದೇ ಸಲ, ಊರಿಗೆಲ್ಲ ಕೇಳಿಸಿತು. ಆ ಬಾಯಿಯನ್ನು ಅವನು ನೋಡಲಿಲ್ಲ. ನೋಡದೇ ಇದ್ದದ್ದು ದಿನಾ ಕಾಣುತ್ತದೆ, ಮು ಎನ್ನುವಾಗ ತುಟಿ ಕೂಡುತ್ತದೆ, ಯ್ಯಾ ಎನ್ನುವಾಗ ಬಾಯಿ ತೆರೆದು ಹಾಗೇ ನಿಲ್ಲುತ್ತದೆ. ಹೆಣ ಮಲಗಿಸಿದ್ದಾಗ ಲಕ್ಕಣ್ಣ ಇವನ ಅಂಗಿ ಹಿಡಿದು ಜಗ್ಗಿದ, ನಮ್ಮಕ್ಕ ಕೂಗಿದ್ದು ಕೇಳುಸ್ಲಿಲ್ವಾ ಭಾವ, ಏಳಿ, ಕೇಳುಸ್ಲಿಲ್ವಾ? ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಕೇಳಿಸಲಿಲ್ಲ ಕಣೋ, ನನಗೆ ಕಿವಿಯೇ ಇಲ್ಲ ಕಣೋ ಎಂದಿದ್ದರೆ. ಇಡೀ ಊರು ನಿಂತಿತ್ತು, ತಾಲೀಮಿನವರೆಲ್ಲ ನಿಂತಿದ್ದರು, ಅವನು ಬಾಯಿ ಬಿಡಲಿಲ್ಲ. ಕಲ್ಲೆದೆಯವನು ಎಂದುಕೊಂಡರೂ ಮೇಷ್ಟ್ರು ಎಂದು ಕರೆಯುತ್ತಾರೆ, ಕಿವುಡ ಎಂದರೆ ಕರೆಯುವುದಿಲ್ಲ. ಹೆಣದ ಮುಂದೆ ನಿಂತು ಇದನ್ನು ಯೋಚಿಸಿದನಲ್ಲ, ಥೂ, ಎಂಥ ಮನುಷ್ಯ.

ಈಗ ಅಂಗಡಿಯಲ್ಲಿ ಸೊಂಟದ ಗಂಟು ಬಿಚ್ಚಿ ಅವಳ ಕಿವಿಯೋಲೆಯನ್ನು ಮುಕ್ಕಾದ ಪೆಟ್ಟಿಗೆಯ ಮೇಲಿಟ್ಟ. ಕೆಂಪುಕಲ್ಲಿನ ಓಲೆ, ನೂರಕ್ಕೆ ಮೋಸವಿಲ್ಲ. ಸಾಹೇಬರು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಲಕ್ಕಣ್ಣನಿಗೆ ಗುರುತು ಹತ್ತಿತು, ಹತ್ತದೆ ಇರುತ್ತದೆಯೇ, ಅವರವ್ವ ಮಗಳಿಗೆ ಕೊಟ್ಟದ್ದು, ಅವನ ದವಡೆ ಬಿಗಿಯಿತು, ಅಕ್ಕುನ್ ಓಲೆ ಮಾರಿ ಬೇಸು ತಗಂತೀರ, ಅಂಥಾದ್ ಏನೈತೆ ಅದ್ರಾಗೆ? ರಾಕ್ಷಸ ಪಾರ್ಟಿಗೆ ತಗ್ಗಿನ ಶ್ರುತಿ ಬೇಕು ಕಣಪ್ಪ, ನಿಂಗೊತ್ತಾಗಲ್ಲ, ಎಂದ ಇವನು, ಮೇಷ್ಟ್ರ ಗತ್ತಿನಲ್ಲಿ, ಸಾಹೇಬರೇ ನುಡಿಸಿ ಎಂದು ಕೈಬೀಸಿ, ದೊಡ್ಡ ವಿದ್ವಾಂಸನ ಹಾಗೆ ಕಣ್ಣು ಮುಚ್ಚಿ ಅಂಗೈಯನ್ನು ಮರದ ಮೇಲೆ ಅಂಟಿಸಿದ. ಕತ್ತಲು. ಏನೂ ಇಲ್ಲ. ಬಾ, ತಾಯಿ, ಬಾ, ನೂರು ರೂಪಾಯಿ ಹೆಚ್ಚಿಗೆ ಸುರಿಯುತ್ತಿದ್ದೇನೆ, ಅವಳ ಓಲೆ ಇಟ್ಟಿದ್ದೇನೆ, ಒಂದು ಸ್ವರ ಬಾ — ಬಂತು, ಸಣ್ಣಗೆ ಬಂತು, ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಎದೆಗೆ, ದಪ್ಪಗೆ, ತುಂಬಿಕೊಂಡು, ಹಲ್ಲು ಕೂಡ ಅದುರುವಂತೆ, ಎಷ್ಟು ವರ್ಷವಾಗಿತ್ತು, ಇಡೀ ಮೈಯೇ ಕಿವಿಯಾಗಿ, ಕಣ್ಣಲ್ಲಿ ನೀರು ಬಂತು ಅವನಿಗೆ, ಇದೇ, ಇದೇ ಸಾಹೇಬರೇ, ಎಂಥಾ ಬೇಸು, ಇದನ್ನೇ ಕಟ್ಟಿ, ಎಂದು ಕೂಗಿ ಕಣ್ಣು ತೆರೆದ. ಸಾಹೇಬರ ಎರಡು ಕೈಯೂ ಗಾಳಿಯಲ್ಲಿದ್ದವು, ಒಂದರಲ್ಲಿ ದೂಳು ಒರೆಸುವ ಬಟ್ಟೆ. ತಿದಿಯ ಕೊಕ್ಕೆ ಇನ್ನೂ ಬಿಚ್ಚಿರಲಿಲ್ಲ. ಸೂರಿಗೆ ನೇತುಹಾಕಿದ್ದ ತಂಬೂರಿ ತೂಗಾಡುತ್ತಿತ್ತು, ಬಾಗಿಲಾಚೆ ಗೇಟಿನಲ್ಲಿ ಗೂಡ್ಸು ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ನೆಲ ಅದುರಿಸುತ್ತ ಕರ್ರಗೆ ಹೋಗುತ್ತಲೇ ಇತ್ತು. ಕ್ಯಾ ಮೇಷ್ಟ್ರೇ, ನಾನ್ ಇನ್ನಾ ಬಾರಿಸೇ ಇಲ್ಲ — ಸಾಹೇಬರ ಬಾಯಿ ಅಷ್ಟು ಹೇಳಿ ಅಗಲವಾಗಿ ನಕ್ಕಿತು. ಲಕ್ಕಣ್ಣ ನಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ನೇರವಾಗಿ ಇವನ ಮುಖ ನೋಡಿದ, ಕಿವಿ ನೋಡಿದ, ಮತ್ತೆ ಮುಖ ನೋಡಿದ, ಎದ್ದು ಇವನ ಬೆನ್ನ ಹಿಂದಕ್ಕೆ ಹೋದ.

ಎಲ್ಲಿಗೆ ಹೋದ, ಉಗಿಯಲು ಹೋದನೆ, ಊರಿಗೆ ಹೇಳಲು ಹೊರಟೇಬಿಟ್ಟನೆ, ತಿರುಗಬೇಡ, ಬೆವರು ಒರೆಸಿಕೊಳ್ಳಬೇಡ, ತಮಾಷೆ ಮಾಡಿದೆ ಎನ್ನು, ರೈಲಿನ ಶ್ರುತಿ ನೋಡುತ್ತಿದ್ದೆ ಎನ್ನು, ಎಂದುಕೊಳ್ಳುತ್ತ ಎದುರು ನೋಡಿದರೆ ಎದುರಿಗೆ ಬೀರು, ಬೀರುವಿನ ಗಾಜಿನಲ್ಲಿ ಬಾಗಿಲಿನ ಬೆಳಕು, ಬೆಳಕಿನಲ್ಲಿ ಲಕ್ಕಣ್ಣ, ಇವನ ಬೆನ್ನ ಹಿಂದೆ ನಾಲ್ಕು ಮಾರು ದೂರ. ನಿಂತಿದ್ದಾನೆ. ಎದೆ ತುಂಬ ಉಸಿರು ಎಳೆದುಕೊಂಡ. ಅವನೇನು ಮಾಡುತ್ತಿದ್ದಾನೆಂದು ಇವನಿಗೆ ಆಗಲೇ ಗೊತ್ತಾಯಿತು, ತಾನೇ ಕಲಿಸಿದ ಉಸಿರು ಅದು, ಮೀಸೆ ಬೋಳಿಸಿಕೊಂಡು ಹತ್ತು ವರ್ಷ ಸ್ತ್ರೀಪಾರ್ಟು ಕಟ್ಟಿದ ಲಕ್ಕಣ್ಣ, ಹೆಣ್ಣುದನಿ ತೆಗೆದರೆ ಹೆಂಗಸರೇ ಬೆರಗಾಗುತ್ತಿದ್ದರು, ಈಗ ಅಕ್ಕನ ದನಿಯಲ್ಲಿ ಕೂಗಿ ನೋಡುತ್ತಾನೆ. ತುಟಿ ಕೂಡಿತು. ಮು. ಭಾವನ ಹೆಸರು ಹಿಡಿಯುವವನಲ್ಲ ಅವನು. ಅಕ್ಕನದೇ ಗಲ್ಲ, ಅಕ್ಕನದೇ ಹಲ್ಲಿನ ಸಂದು, ಬಾಯಿ ತೆರೆಯಿತು, ಯ್ಯಾ, ತೆರೆದು ನಿಂತಿತು, ಸಾಹೇಬರು ಬೆಚ್ಚಿ ಅತ್ತ ನೋಡಿದರು, ಬೀದಿಯಲ್ಲಿ ಹೋಗುವವನೊಬ್ಬ ನಿಂತ. ಸುಮ್ಮನೆ ಕೂತಿರು. ಕೂತಿದ್ದರೆ ಸಾಕು, ತಿರುಗದಿದ್ದರೆ ಸಾಕು, ಇವನಿಗೆ ಕಿವಿಯಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ, ಅಕ್ಕನನ್ನು ಸಾಯಲು ಬಿಟ್ಟವನಲ್ಲ ಎಂದು ಗೊತ್ತಾಗುತ್ತದೆ, ಪೆಟ್ಟಿಗೆ ಹೋಗಲಿ, ಊರು ಹೋಗಲಿ, ಒಬ್ಬನಿಗಾದರೂ — ಅಷ್ಟರಲ್ಲಿ ಕತ್ತು ತಿರುಗಿಬಿಟ್ಟಿತು. ಆರು ವರ್ಷ ಕಣ್ಣಿಗೆ ಕಂಡದ್ದನ್ನೆಲ್ಲ ಕಿವಿಗೆ ಬಿದ್ದಂತೆ ತೋರಿಸಿ ಪಳಗಿದ ಕತ್ತು, ಅದು ಅವನನ್ನು ಕೇಳಲಿಲ್ಲ. ಕೇಳುಸ್ತು ಕಣೋ, ಯಾಕಂಗ್ ಅರಚ್ತೀಯ, ಎಂದಿತು ಅವನ ಬಾಯಿ.

ಆಗ ಕಂಡಿತು ಲಕ್ಕಣ್ಣನ ಕಣ್ಣು. ಅದರಲ್ಲಿ ಇಷ್ಟು ಹೊತ್ತು ಇದ್ದದ್ದು ಸಿಟ್ಟಲ್ಲ, ಆಸೆ, ತಿರುಗದೆ ಇರಲಿ ದೇವರೇ ಎಂಬ ಆಸೆ, ಅದು ಇವನು ನೋಡನೋಡುತ್ತಲೇ ಹೋಯಿತು. ಲಕ್ಕಣ್ಣ ಒಳಗೆ ಬಂದ, ಓಲೆಯನ್ನೂ ನೋಟುಗಳನ್ನೂ ಸಾಹೇಬರ ಕಡೆ ತಳ್ಳಿದ, ಏನೋ ಹೇಳಿದ, ತುಟಿ ಅಲುಗಿದ್ದು ಕಂಡಿತು, ಅವರ್ಗೆ ಯಾವ್ದು ಬೇಕೋ ಕೊಟ್ಬುಡಿ, ಅಂತಿರಬೇಕು, ಭಾವ ಅನ್ನಲಿಲ್ಲ. ಸಾಹೇಬರು ಮುಕ್ಕಾದ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾರೆ, ಮೂರು ಸಾಲು, ಮೂರನೆಯದು ಬೇಸು, ಅವನದಾಯಿತು, ಇನ್ನು ಐದು ವರ್ಷ, ಮೇಷ್ಟ್ರೇ ಮೇಷ್ಟ್ರೇ ಅನ್ನುತ್ತಾರೆ, ರಾಗಿ ಕುಯ್ಲು ಮುಗಿದ ಮೇಲೆ ತಾಲೀಮು, ಎದ್ದೇಳು, ದಾರಿ ಇದೆ, ಬಸ್ಸು ಹಿಡಿಯಬೇಕು, ಗಾಜಿನ ಕಡೆ ನೋಡಬೇಡ, ಲಕ್ಕಣ್ಣ ಹೊರಟುಹೋಗಿದ್ದಾನೆ, ಅಲ್ಲಿ ಯಾರೂ ಇಲ್ಲ, ಬರೀ ಬಾಗಿಲು, ಬರೀ ಬೆಳಕು, ಬಾಯಿ, ತೆರೆದ ಬಾಯಿ, ಅವನ ಹೆಸರು ತುಂಬಿಕೊಂಡ ಬಾಯಿ, ತೆರೆದೇ ಇದೆ, ಬಾಯಿ —